ಇಪ್ಪತ್ತೊಂದು ರಾತ್ರಿಯ ಕುರಿಮಂದೆ

ಯುಗಾದಿಯ ಮಾರನೆಯ ದಿನ ಇಟ್ಟಿಗಿ ಊರಲ್ಲಿ ಯಾರೂ ಹೊಲದ ಕಡೆ ಮುಖ ಹಾಕುವುದಿಲ್ಲ. ಹೋಳಿಗೆ ಉಂಡ ಹೊಟ್ಟೆ ಇನ್ನೂ ಭಾರವಾಗಿರುತ್ತದೆ, ಬಿಸಿಲು ಹತ್ತು ಗಂಟೆಗೇ ನೆತ್ತಿ ಸುಡುತ್ತದೆ. ಅದೆಲ್ಲ ನೆಪ ಅನ್ನಿ, ಅಂದು ಇಸ್ಪೀಟಿನ ದಿನ. ವರ್ಷವಿಡೀ ಎಲೆ ಮುಟ್ಟದವನೂ ಹಬ್ಬದ ಆ ಮೂರು ದಿನ ಒಂದು ಕೈ ಕೂತು ಏಳುತ್ತಾನೆ. ಹೆಂಗಸರೂ ಬೈಯುವುದಿಲ್ಲ. "ಹಬ್ಬದಾಗ ಆಡ್ಲಿ ಬಿಡು, ಆಮ್ಯಾಲ ಎಲ್ಲಿ ಆಡ್ತಾರ" ಎಂದು ಸುಮ್ಮನಾಗಿಬಿಡುತ್ತಾರೆ.

ಹಾಲಸ್ವಾಮಿಯ ಬೀಜ-ಗೊಬ್ಬರದ ಅಂಗಡಿಯ ಹಿಂದೆ ಒಂದು ಗೋದಾಮು. ಶೇಂಗಾ ಚೀಲಗಳನ್ನು ಗೋಡೆಗೆ ಸರಿಸಿ, ನಡುವೆ ತಾಡಪಾಲು ಹಾಸಿ, ಅವನು ನಾಲ್ಕೈದು ಜನರನ್ನು ಕೂರಿಸಿಕೊಂಡಿದ್ದ. ಐವತ್ತು ದಾಟಿದ ಗಟ್ಟಿ ಆಳು ಹಾಲಸ್ವಾಮಿ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಮಾತ್ರ ಬೆಲ್ಲ. ಹಬ್ಬದ ಆಟದಲ್ಲಿ ಅವನು ಸೋತದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

ಆ ವರ್ಷ ಅವನು ಹೊಸ ಆಟ ತಂದಿದ್ದ.

"ಒಬ್ಬೊಬ್ಬಗ ಎರಡೆರಡು ಎಲಿ. ನಡುವ ಐದು ಎಲಿ, ಅವು ಎಲ್ಲರವೂ. ನಿನ್ನ ಎರಡು, ನಡುವಿನ ಐದು, ಇದ್ರಾಗ ಚಲೋವು ಐದು ಆರಿಸ್ಕೊಬೇಕು. ಅಷ್ಟ."

"ಏನಂತಾರಿ ಇದಕ್ಕ?" ಎಂದ ಜಂಬಯ್ಯ. ಅವನದು ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ-ಮಂಡಕ್ಕಿ ಅಂಗಡಿ.

"ಪೋಕರ್."

"ಪೋಕರಿಗಳು ಆಡಾ ಆಟ ಅನ್ರಿ ಹಂಗಾದ್ರ. ನಮಗ ಸರಿ ಹೊಂದತೈತಿ."

ಎಲ್ಲರೂ ನಕ್ಕರು. ಹುಣಸೆಬೀಜಗಳನ್ನು ಹಂಚಿದರು. ಬೀಜಕ್ಕೆ ಐದು ರೂಪಾಯಿ.

ಈ ಆಟವನ್ನು ಹಾಲಸ್ವಾಮಿ ಕಲಿತದ್ದು ಫೋನಿನಲ್ಲಿ. ಒಂದಿಡೀ ಮಳೆಗಾಲ ಅಂಗಡಿಯ ಗಲ್ಲೆಯ ಮೇಲೆ ಫೋನಿಟ್ಟುಕೊಂಡು, ಹೆಸರಿಲ್ಲದ, ಮುಖವಿಲ್ಲದ ಯಾರು ಯಾರೊಡನೆಯೋ ಆಡಿ, ಹೆಂಡತಿಗೆ ಹೇಳಲಾಗದಷ್ಟು ಸೋತಿದ್ದ. ಆಮೇಲೆ ಸರ್ಕಾರ ತಡೆದದ್ದರಿಂದ ಆ ದುಡ್ಡಿನ ಆಟಗಳೆಲ್ಲ ಫೋನಿನಲ್ಲಿ ನಿಂತುಹೋದವು. ಆದರೆ ಅವನಿಗೆ ಒಂದು ವಿಷಯ ತಿಳಿದಿತ್ತು. ಮುಖ ಕಾಣದ್ದರಿಂದ ತಾನು ಸೋತೆ. ಮುಖ ಕಂಡರೆ ತನ್ನನ್ನು ಸೋಲಿಸುವವನು ಹುಟ್ಟಿಲ್ಲ. ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದವನು ನೋಡಿ. ಸಾಲ ಕೇಳಲು ಬಂದವನು ಚಪ್ಪಲಿ ಬಿಡುವ ರೀತಿಯೇ ಬೇರೆ, ರೊಕ್ಕ ಇಟ್ಟುಕೊಂಡು ಬಂದವನು ಬಿಡುವ ರೀತಿಯೇ ಬೇರೆ, ಅದನ್ನು ಗಲ್ಲೆಯಿಂದಲೇ ಓದಬಲ್ಲ. ಇಸ್ಪೀಟಿನಲ್ಲೂ ಅಷ್ಟೆ. ಅವನು ಎಂದೂ ಎಲೆ ಕದ್ದವನಲ್ಲ, ಎಲೆ ಬದಲಿಸಿದವನಲ್ಲ. ಮೊದಲು ಎದುರಿಗೆ ಕೂತವನನ್ನು ನೋಡುತ್ತಿದ್ದ. ಆಟ ಬಲ್ಲವನಾದರೆ, "ತಲಿ ನೋಯಾಕತ್ತೈತಿ, ನೀವು ಆಡ್ರಿ" ಎಂದು ಎದ್ದುಬಿಡುತ್ತಿದ್ದ. ಬಾರದವನಾದರೆ ಮೂರು ದಿನವಾದರೂ ಏಳುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಒಂದು ಕರಿಕಂಬಳಿ ಕಾಣಿಸಿತು. ಮೈಲಾರಲಿಂಗಪ್ಪ. ಊರವರ ಬಾಯಲ್ಲಿ ಬರೀ ಲಿಂಗಪ್ಪ. ನಲವತ್ತರ ಆಸುಪಾಸು, ಇನ್ನೂರು ಕುರಿಯ ಒಡೆಯ. ಸೊಂಟದಲ್ಲಿ ಹಳದಿ ಬಟ್ಟೆಯ ಸಣ್ಣ ಚೀಲ, ಅದರಲ್ಲಿ ಮೈಲಾರಲಿಂಗ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ. ಪ್ರತಿವರ್ಷ ಯುಗಾದಿಯಾದ ಮೇಲೆ ಅವನ ಮಂದೆ ಹಾಲಸ್ವಾಮಿಯ ಎರೆಹೊಲದಲ್ಲಿ ನಾಲ್ಕು ರಾತ್ರಿ ತಂಗುತ್ತಿತ್ತು. ಇನ್ನೂರು ಕುರಿಯನ್ನು ರಾತ್ರಿ ಬಲೆಯೊಳಗೆ ಕೂಡಿಹಾಕಿ ತರುಬಿದರೆ ಒಂದೇ ರಾತ್ರಿಯಲ್ಲಿ ಹೊಲಕ್ಕೆ ಬೀಳುವ ಗೊಬ್ಬರ, ಚೀಲದ ಗೊಬ್ಬರ ಮಾರುವ ಹಾಲಸ್ವಾಮಿಗೇ ಚೆನ್ನಾಗಿ ಗೊತ್ತು, ಚೀಲದ್ದಕ್ಕಿಂತ ಮೇಲು. ಅದಕ್ಕೆ ಪ್ರತಿಯಾಗಿ ಲಿಂಗಪ್ಪನಿಗೆ ರಾತ್ರಿಗಿಷ್ಟು ಜೋಳ, ಇಷ್ಟು ರೊಕ್ಕ. ಮುಗಿದ ಮೇಲೆ ಮಂದೆ ಹಿರೇಹಡಗಲಿ ದಾಟಿ ಹೊಳೆದಂಡೆಗೆ ಹೋಗಬೇಕು. ಬೇಸಿಗೆಯಲ್ಲಿ ಹಸಿರು, ನೀರು ಸಿಗುವುದು ಅಲ್ಲೇ.

"ಸಾವ್ಕಾರ್ರ, ಯಾವತ್ತಿಂದ ತರುಬಾನು ಅಂತ ಕೇಳಾಕ ಬಂದೆ."

"ಕುಂದ್ರೋ ಲಿಂಗಪ್ಪ. ಹಬ್ಬದಾಗ ನಿಂತು ಮಾತಾಡ್ತಾರೇನು? ಒಂದು ಕೈ ಆಡು."

"ನನಗ ಮೂರೆಲಿ ಆಟ ಬಿಟ್ರ ಏನೂ ಬರಲ್ರಿ. ಕಿಸೆದಾಗ ರೊಕ್ಕಾನೂ ಇಲ್ಲ."

"ಆಟ ನಾನು ಕಲಿಸ್ತೀನಿ. ರೊಕ್ಕ ಯಾಕ ಬೇಕು? ನಿನ್ನ ಹತ್ರ ರಾತ್ರಿ ಅದಾವಲ್ಲ." ಹಾಲಸ್ವಾಮಿ ಒಂದು ಹಿಡಿ ಹುಣಸೆಬೀಜ ತೆಗೆದು ಅವನ ಮುಂದೆ ಸುರಿದ. "ಒಂದು ರಾತ್ರಿ ತರುಬಾದಕ್ಕ ಒಂದು ಹಿಡಿ. ಗೆದ್ರ ರೊಕ್ಕ ತಗೊ, ಸೋತ್ರ ಒಂದು ರಾತ್ರಿ ಪುಕ್ಕಟ. ಕಳ್ಕಳಾದೇನೈತಿ? ಕುರಿ ಎಲ್ಲಾದ್ರೂ ಮಲಗಬೇಕಲ್ಲ!"

ಜಂಬಯ್ಯ ಜಾಗ ಬಿಟ್ಟುಕೊಟ್ಟ. ಲಿಂಗಪ್ಪ ಕಂಬಳಿ ಮಡಿಸಿ ಅದರ ಮೇಲೆ ಕೂತ.

ಮೊದಲ ಎರಡು ಕೈ ಹಾಲಸ್ವಾಮಿ ಬೇಕೆಂದೇ ಬಿಟ್ಟುಕೊಟ್ಟ. ಜೋಡಿ ರಾಣಿ ಇಟ್ಟುಕೊಂಡು, "ಛೇ, ನಂದೇನಿಲ್ಲ" ಎಂದು ಎಲೆ ಮುಚ್ಚಿ ಕೆಳಗಿಟ್ಟ. ಲಿಂಗಪ್ಪ ಬೀಜಗಳನ್ನು ಎಳೆದುಕೊಂಡು ಸಣ್ಣ ಹುಡುಗನ ಹಾಗೆ ನಕ್ಕ. ಆಮೇಲೆ ಹಾಲಸ್ವಾಮಿ ಅವನನ್ನು ಓದತೊಡಗಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳ್ಳೆಯ ಎಲೆ ಬಂದರೆ ಲಿಂಗಪ್ಪನ ಎರಡೂ ಕೈ ಎಲೆಯ ಮೇಲೇ ಇರುತ್ತಿದ್ದವು. ಕೆಟ್ಟ ಎಲೆ ಬಂದರೆ ಎಡಗೈ ಮೆಲ್ಲಗೆ ಸೊಂಟಕ್ಕೆ ಹೋಗುತ್ತಿತ್ತು. ಹೆಬ್ಬೆರಳು ಹಳದಿ ಚೀಲ ಸವರುತ್ತಿತ್ತು, ತುಟಿ ಸ್ವಲ್ಪ ಅಲುಗುತ್ತಿತ್ತು.

ಇಷ್ಟು ಕಂಡರೂ ಹಾಲಸ್ವಾಮಿಗೆ ಒಂದು ಬಗೆಹರಿಯಲಿಲ್ಲ. ಕೆಟ್ಟ ಎಲೆ ಹಿಡಿದವನು ಅದನ್ನು ಕೆಳಗಿಟ್ಟು ಪಾರಾಗುತ್ತಾನೆ. ಈತ ಇಡುತ್ತಿರಲಿಲ್ಲ. ಎಷ್ಟು ಏರಿಸಿದರೂ ಕೊನೆಯವರೆಗೆ ಬರುತ್ತಿದ್ದ. ಒಂದು ದೊಡ್ಡ ಕೈ ಸೋತ ಮೇಲೆ ಹಾಲಸ್ವಾಮಿ ಅವನ ಹೆಗಲ ಮೇಲೆ ಕೈಯಿಟ್ಟು, ಅಣ್ಣ ತಮ್ಮನನ್ನು ಕೇಳುವ ಹಾಗೆ ಕೇಳಿದ.

"ಅಲ್ಲೋ ಲಿಂಗಪ್ಪ, ಕೈಯಾಗ ಏನೂ ಇರಲಿಲ್ಲ. ಯಾಕ ಎಲಿ ಇಡಲಿಲ್ಲ?"

ಲಿಂಗಪ್ಪ ನಾಚಿಕೊಂಡು ನಕ್ಕ. "ನಿಮ್ಮ ಮುಂದ ಹೇಳಾಕೇನು ಸಾವ್ಕಾರ್ರ. ಎಲಿ ಚಲೋ ಇಲ್ಲಂದ್ರ ನಮ್ಮಪ್ಪ ಮೈಲಾರಲಿಂಗನ್ನ ನೆನಿತೀನಿ. ಆತನ್ನ ಕರದ ಮ್ಯಾಲ ಎಲಿ ಕೆಳಗಿಟ್ರ ಹೆಂಗ? ಬಾ ಅಂತ ಕರದು ಬಾಗಲಾ ಹಾಕ್ಕೊಂಡಂಗ ಆಗತೈತಿ. ನಂಬಿಕಿಲ್ಲ ಅಂದಂಗ."

"ಖರೆ, ಖರೆ" ಎಂದ ಹಾಲಸ್ವಾಮಿ, ತಲೆದೂಗಿ.

ಅಲ್ಲಿಂದ ಮುಂದೆ ಆಟ ಎಂಬುದು ಉಳಿಯಲಿಲ್ಲ. ಚೀಲದ ಮೇಲೆ ಹೆಬ್ಬೆರಳು ಬಿದ್ದರೆ ಹಾಲಸ್ವಾಮಿ ಏರಿಸುತ್ತಿದ್ದ. ಬೀಳದಿದ್ದರೆ ಎಲೆ ಮುಚ್ಚುತ್ತಿದ್ದ. ಸಂಜೆಗೆ ಎಂಟು ರಾತ್ರಿ ಹೋದವು. "ನಾಳಿ ಬಾರೋ, ತಿರುಗಿ ಗೆದ್ಕೊಂತಿ" ಎಂದು ಕರೆದವನೂ ಅವನೇ. ಮಾರನೆಯ ದಿನ ಲಿಂಗಪ್ಪ ಬಂದ. ಇನ್ನೂ ಹದಿಮೂರು ರಾತ್ರಿ ಹೋದವು.

ಕೊನೆಯ ಕೈ ಮುಗಿದಾಗ ಲಿಂಗಪ್ಪ ತನ್ನ ಎಲೆಗಳನ್ನು ಜೋಡಿಸಿ ಹಾಲಸ್ವಾಮಿಯ ಮುಂದಿಟ್ಟ. ಆಮೇಲೆ ಚೀಲದ ಬಾಯಿ ಬಿಚ್ಚಿ, ಚಿಟಿಕೆ ಭಂಡಾರ ಹಣೆಗೆ ಹಚ್ಚಿಕೊಂಡ. "ಆತ್ರಿ. ಇಪ್ಪತ್ತೊಂದು ರಾತ್ರಿ. ನಮ್ಮಪ್ಪನ ಭಂಡಾರ ಮುಟ್ಟಿ ಹೇಳೀನಿ. ಒಂದು ರಾತ್ರಿ ಕಮ್ಮಿ ಆಗಾದಿಲ್ಲ."

"ಬೆಂಕಿ ಹಂಗ ಆಡಿದ್ರಿ ಹಾಲಣ್ಣ!" ಎಂದ ಜಂಬಯ್ಯ, ಅವನು ಹೋದ ಮೇಲೆ. "ಕುರುಬನ ಮಂದಿ ಒಂದು ತಿಂಗಳು ನಿಮ್ಮ ಹೊಲದಾಗ! ಈ ವರ್ಷ ಮೆಣಸಿನಕಾಯಿ ಹಚ್ಚಿಬಿಡ್ರಿ."

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕಲ್ಯಾಣಮ್ಮ ಕೇಳಿದಳು. "ಮಂದಿ ತರುಬಾಕ ಎಷ್ಟಕ್ಕ ಮಾತಾಡಿದ್ರಿ?"

"ಮಾತಾಡಲಿಲ್ಲ. ಗೆದ್ದೆ." ಅವನು ನಡೆದದ್ದನ್ನು ಹೇಳಿದ. ಭಂಡಾರದ ಚೀಲದ ವಿಷಯ ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ತನಗೇ ತಿಳಿಯಲಿಲ್ಲ.

"ಇಪ್ಪತ್ತೊಂದು ರಾತ್ರಿ ಅಲ್ಲಿ ಏನು ತಿಂತಾವ ಅವು? ನಾಕು ದಿನಕ್ಕ ಜ್ವಾಳದ ಕೂಳೆ ಮುಗಿತೈತಿ."

"ಅದು ಆತನ ಚಿಂತಿ. ನಾನೇನು ಮೋಸ ಮಾಡೀನೇನು? ಎಲಿ ಹಾಕಿದ್ದು ಎಲ್ಲರ ಮುಂದ. ಆತ ಸಣ್ಣ ಕೂಸಲ್ಲ. ಸಾಕು ಅಂತ ಏಳಬಹುದಿತ್ತು."

"ಆ ಆಟ ಆತಗ ಯಾರು ಕಲಿಸಿದ್ರು?"

"ನಾನ."

ಕಲ್ಯಾಣಮ್ಮ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿದಳು. "ಕುಂದ್ರಾದು ಕಲಿಸಿದ್ರಿ. ಏಳಾದು ಕಲಿಸಲಿಲ್ಲ ಕಾಣ್ತೈತಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೊದಲ ಐದು ದಿನ ಹಾಲಸ್ವಾಮಿ ಬೆಳಿಗ್ಗೆ ಬೈಕಿನಲ್ಲಿ ಹೊಲಕ್ಕೆ ಹೋಗಿ ನೋಡಿ ಬರುತ್ತಿದ್ದ. ದಿನಕ್ಕೊಂದು ಕಡೆ ಬಲೆ ಸರಿಯುತ್ತಿತ್ತು. ಕರಿಮಣ್ಣಿನ ಮೇಲೆ ಹಿಕ್ಕೆಯ ಹಾಸು ಬಿದ್ದಿರುತ್ತಿತ್ತು. ಲಿಂಗಪ್ಪ ಪ್ರತಿ ಬೆಳಿಗ್ಗೆ ಮಂದೆ ಎಬ್ಬಿಸುವ ಮೊದಲು ಮೂಡಣಕ್ಕೆ ಮುಖ ಮಾಡಿ ನಿಂತು ತನ್ನ ದೇವರೊಡನೆ ಏನೋ ಹೇಳಿಕೊಳ್ಳುತ್ತಿದ್ದ. ಆಮೇಲೆ, "ಬಂದ್ರೇನ್ರಿ ಸಾವ್ಕಾರ್ರ" ಎಂದು ಎಂದಿನಂತೆ ಮಾತಾಡಿಸುತ್ತಿದ್ದ. ಅವನ ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಹಾಲಸ್ವಾಮಿಗೆ ಹಗುರವಾಗುತ್ತಿತ್ತೋ ಏನೋ.

ಆರನೆಯ ದಿನದಿಂದ ಅವನು ಹೋಗುವುದನ್ನು ನಿಲ್ಲಿಸಿದ. ಹೊಲದಲ್ಲಿ ಕೂಳೆ ಮುಗಿದಿತ್ತು. ಬೇಲಿಯ ಜಾಲಿಕಾಯಿ ಮುಗಿದಿತ್ತು. ಕೆರೆ ಒಣಗಿ ಬಿರುಕು ಬಿಟ್ಟಿತ್ತು. ನೀರಿಗೆ ಎರಡು ಮೈಲು ನಡೆಸಬೇಕು, ಸಂಜೆ ಮತ್ತೆ ಅದೇ ಎರಡು ಮೈಲು ವಾಪಸ್, ಮಾತಿಗೆ ಕಟ್ಟುಬಿದ್ದು. ಸುತ್ತಲಿನ ಮಂದೆಗಳೆಲ್ಲ ಆಗಲೇ ಹೊಳೆದಂಡೆ ಸೇರಿದ್ದವು.

ಹತ್ತನೆಯ ದಿನ ಮಧ್ಯಾಹ್ನ ಈರಕ್ಕ ಅಂಗಡಿಗೆ ಬಂದಳು, ಲಿಂಗಪ್ಪನ ಹೆಂಡತಿ. ಬಿಸಿಲಿಗೆ ಕರಕಲಾದ ಮುಖ, ಸೆರಗಿನಲ್ಲಿ ಏನೋ ಸುತ್ತಿಕೊಂಡಿದ್ದಳು. ಸುತ್ತು ಬಿಚ್ಚಿದಾಗ ಒಂದು ಕುರಿಮರಿ. ಹುಟ್ಟಿ ಎರಡು ದಿನವಾಗಿರಬೇಕು. ಕತ್ತು ಎತ್ತುವ ಶಕ್ತಿಯೂ ಅದಕ್ಕಿರಲಿಲ್ಲ.

"ಗ್ಲೂಕೋಸ್ ಪುಡಿ ಐತೇನ್ರಿ?"

"ಅದು ಮೆಡಿಕಲ್ ಶಾಪಿನ್ಯಾಗ ಈರಕ್ಕ. ತಡಿ, ಒಳಗ ಇರಬೇಕು." ಹಾಲಸ್ವಾಮಿ ತಾನೇ ಒಳಗೆ ಹೋಗಿ ತಂದ. ಬಾಟಲಿಯ ಮುಚ್ಚಳದಲ್ಲಿ ಕಲಸಿ ಕೊಟ್ಟ. ಈರಕ್ಕ ಬೆರಳದ್ದಿ ಮರಿಯ ಬಾಯಿಗಿಟ್ಟಳು.

"ಎಷ್ಟು ಈದಾವ?"

"ಹನ್ನೊಂದು. ಮೂರು ಸತ್ತಾವ. ತಾಯಿಗೆ ಹಾಲಿಲ್ರಿ. ಹುಲ್ಲಿದ್ರಲ್ಲ ಹಾಲು. ಇನ್ನೂ ನಲವತ್ತು ಗಬ್ಬದ ಕುರಿ ಅದಾವ. ಇನ್ನೂ ಹನ್ನೆರಡು ರಾತ್ರಿ ಅಲ್ಲೇ ನಿಂತ್ರ ನಮಗ ಮರಿ ಅನ್ನಾದು ಉಳಿಯಾದಿಲ್ಲ."

ಅವಳು ಅಳಲಿಲ್ಲ. ಸಂತೆಯಲ್ಲಿ ಒಬ್ಬರಿಗೊಬ್ಬರು ಸುದ್ದಿ ಹೇಳುವ ಹಾಗೆ ಹೇಳಿದಳು. ಹಾಲಸ್ವಾಮಿ ಅಂಗಡಿಯ ಬಾಗಿಲು ಎಳೆದುಕೊಂಡು, ಅವಳನ್ನು ತನ್ನ ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ನೇರ ಹೊಲಕ್ಕೆ ಹೋದ.

ಲಿಂಗಪ್ಪ ಜಾಲಿಮರದ ನೆರಳಲ್ಲಿ ಒಂದು ಕುರಿಯ ಕಾಲಿನಿಂದ ಮುಳ್ಳು ಕೀಳುತ್ತಿದ್ದ. ಅವನ ಕೆನ್ನೆಗಳು ಒಳಕ್ಕೆ ಹೋಗಿದ್ದವು.

"ಲಿಂಗಪ್ಪ, ನಾಳಿ ಮುಂಜಾನಿ ಮಂದಿ ಎಬ್ಬಿಸ್ಕೊಂಡು ಹೊಳಿ ಕಡಿ ಹೋಗಿಬಿಡು. ಸಾಕು. ಉಳದಿದ್ದು ಬಿಟ್ಟೀನಿ."

ಲಿಂಗಪ್ಪ ತಲೆಯೆತ್ತಲಿಲ್ಲ. "ನೀವು ಬಿಡಾಕ ಆ ಮಾತು ನಿಮ್ಮ ಹತ್ರ ಇಲ್ರಿ. ನಾನು ಕೊಟ್ಟಿದ್ದು ಮೈಲಾರಲಿಂಗಗ. ಸೋತೀನಿ, ಕೊಡಬೇಕು. ನೀವು ಪಾಪ ಅಂತ ಬಿಟ್ರಿ, ನಾನು ಹೋದೆ ಅಂದ್ರ, ನಾಳಿ ಮೈಲಾರಕ್ಕ ಹೋಗಿ ಯಾವ ಮುಖ ತೋರಸ್ಲಿ?"

"ಮರಿ ಸಾಯಾಕತ್ತಾವೋ!"

"ನನಗ ಕಾಣವಲ್ದೇನ್ರಿ ಅದು?" ಮೊದಲ ಸಲ ಅವನ ದನಿ ಏರಿತು. ಆಮೇಲೆ ತಾನೇ ತಗ್ಗಿಸಿಕೊಂಡ. "ಕುರಿ ಇಟ್ಟು ಆಡಿದ್ದು ನಾನು. ನೀವಲ್ಲ."

ಆಗ ಈರಕ್ಕ ಮಾತಾಡಿದಳು. ಮರಿಯನ್ನು ಕಂಬಳಿಯ ಮೇಲೆ ಮಲಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸಾವ್ಕಾರ್ರ, ಆ ಆಟ ನನಗ ಕಲಿಸ್ರಿ" ಎಂದಳು.

"ಏನು?"

"ನಾನು ಆಡ್ತೀನಿ. ಗೆದ್ರ ಹನ್ನೆರಡು ರಾತ್ರಿ ನಮಗ ತಿರುಗಿ ಬರ್ಲಿ. ಆಟದಾಗ ಹೋಗಿದ್ದು ಆಟದಾಗ ಬಂದ್ರ ದಾನ ಅಲ್ಲ, ಧರ್ಮ ಅಲ್ಲ. ಹೌದಿಲ್ಲೋ?" ಕೊನೆಯ ಮಾತು ಗಂಡನಿಗೆ.

ಲಿಂಗಪ್ಪ ಕಿತ್ತ ಮುಳ್ಳನ್ನು ದೂರ ಎಸೆದ. "ಹೌದು. ಹಂಗ ಬಂದ್ರ ನಡಿತೈತಿ."

"ಸೋತ್ರ?" ಎಂದ ಹಾಲಸ್ವಾಮಿ.

"ತವರಿನ್ಯಾಗ ಕೊಟ್ಟ ಮೂರು ಕುರಿ ಅದಾವ ನನ್ನ ಹೆಸರ್ಲೆ. ಅವು ನಿಮ್ಮವು."

ಗೋದಾಮಿಗೆ ಬಂದರು. ಹಬ್ಬ ಮುಗಿದು ವಾರ ಕಳೆದಿದ್ದರೂ ಸುದ್ದಿ ಹೇಗೋ ಹಬ್ಬಿ, ಜಂಬಯ್ಯ ಮಿರ್ಚಿಯ ಬಾಣಲೆ ಇಳಿಸಿ ಓಡಿಬಂದ. ಇನ್ನಿಬ್ಬರು ಬಾಗಿಲಲ್ಲಿ ನಿಂತರು. ಲಿಂಗಪ್ಪ ಹೆಂಡತಿಯ ಹಿಂದೆ ಗೋಡೆಗೊರಗಿ ನಿಂತ. ಹಾಲಸ್ವಾಮಿ ತಾಡಪಾಲಿನ ಮೇಲೆ ಕೂತು, ಯಾವ ಎಲೆ ದೊಡ್ಡದು, ಜೋಡಿ ಎಂದರೇನು, ಒಂದೇ ಬಣ್ಣದ ಐದು ಬಂದರೇನು, ಒಂದೊಂದಾಗಿ ಹೇಳಿಕೊಟ್ಟ. ಈ ಸಲ ಏನನ್ನೂ ಬಿಡಲಿಲ್ಲ. ಎಲೆ ಕೆಟ್ಟದಾಗಿದ್ದರೆ ಕೆಳಗಿಟ್ಟು ಏಳುವುದನ್ನೂ ಹೇಳಿದ. ಈರಕ್ಕ ಬೆರಳು ಮಡಿಸುತ್ತ ಕೇಳಿದಳು.

"ಒಂದ ಕೈ" ಎಂದಳು. "ಮರಿಗೆ ಹಾಲು ಕುಡಿಸಾ ಹೊತ್ತಾತು."

ಎಲೆ ಹಂಚಿದ. ತನಗೆ ಬಂದದ್ದು ಎರಡು ಒಂಬತ್ತು. ಆಡುವವರ ಲೆಕ್ಕದಲ್ಲಿ ಬಹಳ ಒಳ್ಳೆಯ ಕೈ. ನಡುವೆ ಮೂರು ಎಲೆ ತೆರೆದ. ಎಕ್ಕ, ಏಳು, ನಾಲ್ಕು.

ಈರಕ್ಕ ತನ್ನ ಎರಡೆಲೆಯನ್ನು ಎತ್ತಿ, ಕಣ್ಣು ಕಿರಿದು ಮಾಡಿ, ಆಮೇಲೆ ಹಾಲಸ್ವಾಮಿಯ ಕಡೆಗೇ ಪೂರಾ ತಿರುಗಿಸಿ ಹಿಡಿದಳು. "ಈತ ಗುಲಾಮ ಅಲ್ಲೇನ್ರಿ? ಈ ಮೂರಕ್ಕ ಏನರ ಬೆಲಿ ಐತೇನು?"

"ಏಯ್ ಈರಕ್ಕ, ತೋರಸಬಾರದು!" ಎಂದು ಜಂಬಯ್ಯ ಕೂಗಿದ.

"ಯಾಕಪ್ಪ? ಕಲಿಸಿದಾರು ಇವರ. ಇವರನ್ನ ಕೇಳದ ಮತ್ತ್ಯಾರನ್ನ ಕೇಳ್ಲಿ?"

ಬಾಗಿಲಲ್ಲಿದ್ದವರು ನಕ್ಕರು. ಹಾಲಸ್ವಾಮಿ ನಗಲಿಲ್ಲ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಒಂದು ಗುಲಾಮ, ಒಂದು ಮೂರು. ಅವನು ಸುಮ್ಮನೆ ತನ್ನ ಎಲೆ ಮುಚ್ಚಿ, 'ನಂದೇನಿಲ್ಲ' ಎಂದರೆ ಮುಗಿಯಿತು. ಹನ್ನೆರಡು ರಾತ್ರಿ ಅವಳದಾಗುತ್ತದೆ, ಮಂದೆ ಹೊಳೆಗೆ ಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಊರವರು, ಹಾಲಣ್ಣನನ್ನು ಕೊನೆಗೂ ಒಬ್ಬ ಹೆಂಗಸು ಸೋಲಿಸಿದಳು ಎಂದು ಎರಡು ದಿನ ನಗಬಹುದು, ಅಷ್ಟೆ. ಅವನ ಕೈ ಎಲೆಗಳನ್ನು ಮುಚ್ಚಲು ಅರ್ಧ ಬಂದಿತ್ತು.

ಆಗ ಅವನ ಕಣ್ಣು, ಇಪ್ಪತ್ತೈದು ವರ್ಷದ ಚಾಳಿ, ತಾನಾಗಿ ಗೋಡೆಯ ಕಡೆ ಹೋಯಿತು.

ಲಿಂಗಪ್ಪ ಹೆಂಡತಿಯ ಎಲೆಗಳನ್ನು ಹಿಂದಿನಿಂದ ನೋಡಿದ್ದ. ಅವನ ಎಡಗೈ ಸೊಂಟಕ್ಕೆ ಹೋಗಿತ್ತು. ಹೆಬ್ಬೆರಳು ಚೀಲದ ಮೇಲಿತ್ತು. ಕಣ್ಣು ಮುಚ್ಚಿದ್ದ. ತುಟಿ ಅಲುಗುತ್ತಿತ್ತು. ಸತ್ತ ಮೂರು ಮರಿ, ಸಾಯಲಿರುವ ಮರಿಗಳು, ಎಲ್ಲವೂ ಆ ತುಟಿಯ ಮೇಲಿದ್ದವು.

ಈಗ ನಾನು ಎಲೆ ಮುಚ್ಚಿದರೆ, ಎಂದು ಹಾಲಸ್ವಾಮಿಗೆ ಹೊಳೆಯಿತು, ಈತ ದೇವರು ಕೇಳಿಸಿಕೊಂಡ ಅಂದುಕೊಳ್ಳುತ್ತಾನೆ. ಮುಂದಿನ ಯುಗಾದಿಗೆ ಇನ್ನೂ ಗಟ್ಟಿ ನಂಬಿಕೆಯಿಂದ ಬಂದು ಕೂರುತ್ತಾನೆ. ನನ್ನ ಮುಂದಲ್ಲದಿದ್ದರೆ ಮತ್ತೊಬ್ಬನ ಮುಂದೆ.

"ಲಿಂಗಪ್ಪ" ಎಂದ. "ಆ ಚೀಲದ ಮ್ಯಾಲಿಂದ ಕೈ ತಗಿಯಪ್ಪ."

ಲಿಂಗಪ್ಪ ಕಣ್ಣು ಬಿಟ್ಟ.

"ನಿನಗ ಎಲಿ ಕೆಟ್ಟ ಬಂದಾಗೆಲ್ಲ ನೀನು ಅದನ್ನ ಮುಟ್ಟತಿದ್ದಿ. ಮುಟ್ಟಿದ್ರ ನಾನು ಏರಸ್ತಿದ್ದೆ. ಮುಟ್ಟಲಿಲ್ಲಂದ್ರ ಬಿಟ್ಟುಕೊಡ್ತಿದ್ದೆ. ನನ್ನ ಎಲಿ ನಾನು ನೋಡ್ಲೇ ಇಲ್ಲ ಅನ್ನು. ನಿನ್ನ ಹೆಬ್ಬೆರಳು ನೋಡಿ ಆಡಿದೆ."

ಜಂಬಯ್ಯನೇ ಮೊದಲು ಬಾಯಿ ಬಿಟ್ಟ. "ಅದ್ರಾಗ ಮೋಸ ಏನೈತ್ರಿ ಹಾಲಣ್ಣ? ಇಸ್ಪೀಟಿನ್ಯಾಗ ಎಲ್ರೂ ಎದುರಿಗಿನವನ ಮಾರಿ ನೋಡ್ತಾರ. ನೋಡೋದ ಆಟ. ಬುದ್ಧಿ ಇದ್ದಾವ ಗೆಲ್ತಾನ, ಇಲ್ಲದಾವ ಸೋಲ್ತಾನ. ಅದಕ್ಕ್ಯಾರು ಏನು ಮಾಡಬೇಕು?"

"ನಿನ್ನ ಎಲಿ ಕೆಟ್ರ ಮೊಣಕಾಲು ಕೆರಕೊಂತಿ ಜಂಬಯ್ಯ. ಅದನ್ನೂ ನೋಡೀನಿ. ಅದನ್ನ ಬೇಕಾದ್ರ ಬುದ್ಧಿ ಅನ್ನು. ಈತನ್ನ ನಾನು ಹೆಗಲ ಮ್ಯಾಲ ಕೈಯಿಟ್ಟು ಕೇಳಿದೆ, ಯಾಕ ಎಲಿ ಇಡಲಿಲ್ಲಪ್ಪ ಅಂತ. ಅಣ್ಣ ಕೇಳಿದ ಅಂತ ಈತ ಹೇಳಿದ. ದೇವರನ್ನ ಕರದ ಮ್ಯಾಲ ಎಲಿ ಇಡಾಕ ಬರಾದಿಲ್ಲ ಅಂತ. ಅದನ್ನ ಕೇಳಿಸ್ಕೊಂಡ ಮ್ಯಾಲ ಹದಿನೈದು ರಾತ್ರಿ ಗೆದ್ದೆ."

ಜಂಬಯ್ಯ ತನ್ನ ಮೊಣಕಾಲು ನೋಡಿಕೊಂಡ.

ಲಿಂಗಪ್ಪ ಗೋಡೆಯನ್ನು ಬಿಟ್ಟು ಮುಂದೆ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸ್ನಾನ ಮಾಡುವಾಗ ಯಾರೋ ಇಣುಕಿ ನೋಡಿದರೆ ಆಗುವಂಥ ಮುಖ ಅದು.

"ಅಂದ್ರ... ನಾನು ಆತನ ಹತ್ರ ಮಾತಾಡಾ ಹೊತ್ತಿನ್ಯಾಗ ನೀವು ಕದ್ದು ಕೇಳಿಸ್ಕೊಂತ ಕುಂತಿದ್ರಿ."

"ಹೌದು."

"ಎರಡೂ ದಿನ?"

"ಮೊದಲ್ನೇ ದಿನ ಅರ್ಧ. ಎರಡ್ನೇ ದಿನ ಪೂರ್ತಿ."

ಹೊರಗೆ ರಸ್ತೆಯಲ್ಲಿ ಕೂಡ್ಲಿಗಿ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಈರಕ್ಕ ತನ್ನ ಎರಡೆಲೆಯನ್ನು ತಾಡಪಾಲಿನ ಮೇಲೆ ಮುಖ ಮೇಲಾಗಿ ಇಟ್ಟಳು. "ಇನ್ನು ಇದು ಬ್ಯಾಡ" ಎಂದಳು. "ಒಬ್ಬಾಂವ ಕಣ್ಣು ತಗದು, ಒಬ್ಬಾಂವ ಕಣ್ಣು ಮುಚ್ಚಿ ಕುಂತಿದ್ರ ಅದೆಂಥಾ ಆಟ? ಅದ್ರಾಗ ಕೊಟ್ಟ ಮಾತು ಎಂಥಾ ಮಾತು?"

ಅವಳು ಗಂಡನ ಕಡೆ ತಿರುಗಿದಳು. ಲಿಂಗಪ್ಪ ನೆಲ ನೋಡುತ್ತ ನಿಂತಿದ್ದ. "ನಮ್ಮಪ್ಪನ್ನ ಇದ್ರಾಗ ಕುಂದ್ರಿಸಿದ್ದು ನಾನು" ಎಂದ ಮೆಲ್ಲಗೆ. "ರೋಗಕ್ಕ ಕರಿಬೇಕು, ಮಳಿಗೆ ಕರಿಬೇಕು. ಇಸ್ಪೀಟಿನ ಎಲಿಗೆ ಕರದೆ. ಅದು ನನ್ನ ತಪ್ಪು. ಅದಕ್ಕ ಮೈಲಾರಕ್ಕ ಹೋಗಿ ತಪ್ಪೊಪ್ಪಿಗಿ ಮಾಡ್ಕೊಂತೀನಿ." ಆಮೇಲೆ ಹಾಲಸ್ವಾಮಿಯ ಮುಖ ನೋಡಿದ. "ಮಾತು ಬಿದ್ದು ಹೋತ್ರಿ ಸಾವ್ಕಾರ್ರ. ನಾಳಿ ಮುಂಜಾನಿ ಹೋಗ್ತೀವಿ."

ಸಾವ್ಕಾರ್ರ ಎಂದೇ ಅಂದ. ಆದರೆ ಆ ಮಾತಿನಲ್ಲಿ ಮೊದಲು ಇದ್ದದ್ದು ಏನೋ ಈಗ ಇರಲಿಲ್ಲ, ಹಾಲಸ್ವಾಮಿಗೆ ಅದು ಕೇಳಿಸಿತು.

ಈರಕ್ಕ ಮಾತ್ರ ಏಳಲಿಲ್ಲ. "ಒಂಬತ್ತು ರಾತ್ರಿ ತರುಬಿದ್ದು ಹಂಗ ಹೋಗ್ಬೇಕೇನು? ಆಟ ಸುಳ್ಳಾತು, ಹಿಕ್ಕಿ ಖರೆ ಐತಲ್ಲ. ಜ್ವಾಳ ಅಳೀರಿ."

ಎಲ್ಲ ಕೇಳುತ್ತ ಹಿಂಬಾಗಿಲಲ್ಲಿ ನಿಂತಿದ್ದ ಕಲ್ಯಾಣಮ್ಮ, ಗಂಡನ ಒಪ್ಪಿಗೆಗೂ ಕಾಯದೆ, ಚೀಲ ಬಿಚ್ಚಿ ತಾನೇ ಅಳೆದಳು. ಪ್ರತಿ ಸೇರನ್ನೂ ಗೋಪುರ ಮಾಡಿ ಅಳೆದಳು. ಅಳೆಯುವಾಗ ಹಾಲಸ್ವಾಮಿಯ ಕಡೆ ಒಮ್ಮೆ ನೋಡಿದಳು. ಭಂಡಾರದ ವಿಷಯ ಅವಳಿಗೂ ಆಗಷ್ಟೇ ತಿಳಿದದ್ದು.

ಮಾರನೆಯ ದಿನ ಇನ್ನೂ ಬೆಳಕು ಹರಿಯುವ ಮೊದಲೇ ಹಾಲಸ್ವಾಮಿ ಗೂಡ್ಸ್ ಆಟೋ ತೆಗೆದುಕೊಂಡು ಹೊಲಕ್ಕೆ ಹೋದ. ಹಿಂದೆ ಹುಲ್ಲು ಹಾಸಿದ್ದ. ಮಂದೆಯಲ್ಲಿ ನಡೆಯಲಾರದ ಮರಿಗಳು, ಇಂದೋ ನಾಳೆಯೋ ಈಯಲಿರುವ ನಾಲ್ಕು ಕುರಿ ಇದ್ದವು. ಹೊಳೆಯವರೆಗೆ ಅವುಗಳನ್ನು ತಾನು ಒಯ್ಯುತ್ತೇನೆ ಎಂದು ರಾತ್ರಿ ಈರಕ್ಕನಿಗೆ ಹೇಳಿಕಳಿಸಿದ್ದ. ಅವಳು ಬೇಡ ಅಂದಿರಲಿಲ್ಲ.

ಬಲೆ ಆಗಲೇ ಸುತ್ತಿಯಾಗಿತ್ತು. ಕತ್ತೆಯ ಮೇಲೆ ಗಂಟುಗಳು ಏರಿದ್ದವು. ಈರಕ್ಕ ಒಂದೊಂದೇ ಮರಿ ಎತ್ತಿ ಕೊಟ್ಟಳು, ಅವನು ಹುಲ್ಲಿನ ಮೇಲೆ ಮಲಗಿಸಿದ. ಕೈಗೆ ಬಂದ ಕೊನೆಯ ಮರಿ, ನಿನ್ನೆ ಅಂಗಡಿಗೆ ಬಂದಿದ್ದದ್ದೇ ಇರಬೇಕು, ಅವನ ಬಿಳಿ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡು ಚೀಪಿತು.

"ನೀನೂ ಕುಂದ್ರು ಲಿಂಗಪ್ಪ. ಮುಂದ ಜಾಗ ಐತಿ" ಎಂದ ಹಾಲಸ್ವಾಮಿ.

"ನಾನು ಮಂದಿ ಜತಿ ನಡದು ಬರ್ತೀನಿ. ಆಕಿ ಬರ್ತಾಳ." ಲಿಂಗಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡ. "ಮುಂದಿನ ವರ್ಷ ತರುಬಾದಿದ್ರ ಅಂಗಡಿ ಮುಂದ ನಿಂತು ಮಾತಾಡಾನ್ರಿ. ರಾತ್ರಿಗೆಷ್ಟು, ಜ್ವಾಳ ಎಷ್ಟು. ಒಳಗ ಕುಂದ್ರಾದು ಬ್ಯಾಡ" ಎಂದ.

"ಆತು."

ಮೂಡಣ ಕೆಂಪಾಗುತ್ತಿತ್ತು. ಲಿಂಗಪ್ಪ ಪ್ರತಿದಿನದಂತೆ ಅತ್ತ ಮುಖ ಮಾಡಿ ನಿಂತು, ಚೀಲಕ್ಕೆ ಕೈ ಹಾಕಿದ. ಹಾಲಸ್ವಾಮಿ ಎದುರಿಗೇ, ಆಟೋದ ಪಕ್ಕದಲ್ಲಿದ್ದ. ಲಿಂಗಪ್ಪನ ಕೈ ನಿಂತಿತು. ಅವನು ಒಂದು ಗಳಿಗೆ ಹಾಲಸ್ವಾಮಿಯನ್ನು ನೋಡಿ, ಆಮೇಲೆ ಮೆಲ್ಲನೆ, ಬೆನ್ನು ಅವನ ಕಡೆಗಾಗುವಂತೆ ಪಡುವಣಕ್ಕೆ ತಿರುಗತೊಡಗಿದ. ಸೂರ್ಯ ಬರುವ ದಿಕ್ಕನ್ನೇ ಬಿಟ್ಟು, ಇನ್ನೂ ಕತ್ತಲಿರುವ ಹೊಲದ ಕಡೆ ಮುಖ ಮಾಡಹೊರಟ.

"ತಿರುಗಬ್ಯಾಡೋ ಲಿಂಗಪ್ಪ" ಎಂದ ಹಾಲಸ್ವಾಮಿ. "ನೀನು ಮೂಡಲಕ್ಕ ನಿಲ್ಲು."

ಹೇಳಿ ತಾನೇ ಆಟೋದ ಆಚೆ ಬದಿಗೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ, ತಲೆ ತಗ್ಗಿಸಿ ನಿಂತುಕೊಂಡ. ಹಿಂದಿನಿಂದ ಸಣ್ಣ ದನಿ ಕೇಳಿಸತೊಡಗಿದಾಗ, ಇಷ್ಟು ವರ್ಷ ಯಾರ ಮಾತನ್ನೂ ಬಿಡದ ಆ ಕಿವಿಗಳ ಮೇಲೆ ಎರಡೂ ಅಂಗೈ ಇಟ್ಟುಕೊಂಡ. ಈರಕ್ಕ ಬಂದು ಮೊಣಕೈ ತಟ್ಟಿ, "ಆತ್ರಿ, ನಡ್ರಿ" ಎನ್ನುವವರೆಗೂ ಹಾಗೆಯೇ ನಿಂತಿದ್ದ.